ಛತ್ರಿ ಬಟ್ಟೆಯ ಕೆಳಗೆ

ಒಂಬತ್ತನೇ ಕಂತು

ಪಾನಾ ತಿರುಗಿತು. ತಿರುಗಬಾರದಿತ್ತು.

ಹಂಪಯ್ಯ ಅಂಗಿಯ ತೋಳಿನಿಂದ ಹಣೆಯ ಬೆವರು ಒರೆಸಿಕೊಂಡು, ಎಂಜಿನ್ನಿನ ಬುಡದ ಬೋಲ್ಟಿಗೆ ಮತ್ತೊಮ್ಮೆ ಪಾನಾ ಕೊಟ್ಟು ಎಳೆದರು. ಈ ಸಲವೂ ಯಾವ ತಕರಾರಿಲ್ಲದೆ ಎಂಜಿನ್ ಒಂದು ಪೂರ್ತಿ ಸುತ್ತು ಬಂತು. ನೀರು ಕುಡಿದು ಸತ್ತ ಎಂಜಿನ್ ಹೀಗೆ ತಿರುಗುವುದಿಲ್ಲ. ಒಳಗೆ ನೀರು ಸೇರಿದರೆ ಪಿಸ್ಟನ್ ಮೇಲೇಳಲಾರದೆ ರಾಡು ಬಾಗಿ, ಇಡೀ ಯಂತ್ರ ಕಲ್ಲಿನಂತೆ ಕೂತುಬಿಡುತ್ತದೆ. ಮೂವತ್ತೊಂದು ವರ್ಷ ಅಪಘಾತದ ಗಾಡಿಗಳನ್ನೇ ನೋಡುತ್ತ ಸವೆದ ಮನುಷ್ಯನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸರ್ಕಾರದ ಕಾಗದದಲ್ಲಿ ಅವರು ವಾಹನ ನಿರೀಕ್ಷಕರು. ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್. ದೇವದುರ್ಗ ಠಾಣೆಯ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ನಿಂತಿದ್ದ ಈ ಕೆಂಪು ಕಾರು, ಕಳೆದ ಗುರುವಾರ ಸಂಜೆಯ ಮಳೆಯಲ್ಲಿ ಗೂಗಲ್ ಊರಿನ ಹಾದಿಯ ಹಳ್ಳದ ನಟ್ಟನಡುವೆ ನಿಂತುಬಿಟ್ಟಿತ್ತು. ಇಳಿದು ದಾಟಲು ಹೋದ ಮಾನ್ವಿಯ ಅಂಬರೀಶ ಮರುದಿನ ಬೆಳಿಗ್ಗೆ ಎರಡು ಮೈಲಿ ಕೆಳಗೆ, ಜಾಲಿಗಿಡಕ್ಕೆ ಸಿಕ್ಕಿಕೊಂಡು ಹೆಣವಾಗಿ ಸಿಕ್ಕಿದ್ದ. ಇಪ್ಪತ್ತೊಂಬತ್ತು ವರ್ಷ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಅಣ್ಣ ಬಸವಪ್ರಸಾದನ ದೂರು ನೇರವಾಗಿತ್ತು. ರಾಯಚೂರಿನ ಮೆಕ್ಯಾನಿಕ್ ಅಮೀನ್ ಕಂಪನಿಯ ಏರ್ ಫಿಲ್ಟರ್ ಕಿತ್ತು, ಹೊರಗಿನದ್ದನ್ನು ಕೆಳಗೆ ಕೂರಿಸಿದ, ಅದರೊಳಗಿಂದ ನೀರು ಹೋಗಿ ಎಂಜಿನ್ ನಿಂತಿತು, ತಮ್ಮ ಸತ್ತ. ಅಮೀನನನ್ನು ನಿನ್ನೆ ಸಂಜೆ ಬಂಧಿಸಿದ್ದರು. ಇಂದು ಐದು ಗಂಟೆಯೊಳಗೆ ಕೋರ್ಟಿಗೆ ಹಾಜರುಪಡಿಸಬೇಕು. ಅಷ್ಟರೊಳಗೆ ಹಂಪಯ್ಯನವರ ವರದಿ ಬೇರೆ ಏನಾದರೂ ಹೇಳಿದರೆ ಅವನು ಮನೆಗೆ, ಹೇಳದಿದ್ದರೆ ಜೈಲಿಗೆ.

ಹಂಪಯ್ಯ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ಬೆಳಕಿಗೆ ಹಿಡಿದರು. ನಾಲ್ಕೂ ಒಣಗಿದ್ದವು. ಎಣ್ಣೆಯ ಕಡ್ಡಿ ಎಳೆದು ನೋಡಿದರು. ನೀರು ಬೆರೆತ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಇದು ಕಪ್ಪಗೇ ಇತ್ತು.

"ಹಂಗಾದ್ರ ನೀ ಯಾಕ ನಿಂತಿ?" ಎಂದು ಕಾರನ್ನೇ ಕೇಳಿದರು. ಅವರಿಗೆ ಗಾಡಿಗಳ ಜೊತೆ ಮಾತಾಡುವ ಚಟವಿತ್ತು. ಮನುಷ್ಯರ ಜೊತೆ ಅಷ್ಟಾಗಿ ಇರಲಿಲ್ಲ.

ನೋಡಲು ಉಳಿದದ್ದು ಆ ಫಿಲ್ಟರ್ ಒಂದೇ.

ಅದು ಎಡಗಡೆ, ಬಂಪರಿನ ಹಿಂದೆ, ಕೆಳಗೆ ಕೂತಿತ್ತು. ಎಂಜಿನ್ನಿಗೆ ಗಾಳಿ ಸೋಸಿ ಕೊಡುವ ಕೋನ್ ಫಿಲ್ಟರ್. ಇಂಥದ್ದನ್ನು ಹಾಕಿಸಿಕೊಳ್ಳುವ ಹುಡುಗರನ್ನು ಕಂಡರೆ ಹಂಪಯ್ಯನವರಿಗೆ ಮೈ ಉರಿಯುತ್ತಿತ್ತು. ತಣ್ಣನೆಯ ಗಾಳಿ ಸಿಗುತ್ತದಂತೆ, ಪಿಕಪ್ ಹೆಚ್ಚುತ್ತದಂತೆ, ಗಾಡಿ ಗುರ್ ಎನ್ನುತ್ತದಂತೆ. ರಾಯಚೂರಿನ ಬಿಸಿಲಲ್ಲಿ ಇವರು ತಣ್ಣನೆಯ ಗಾಳಿ ಎಲ್ಲಿಂದ ತರುತ್ತಾರೋ ದೇವರಿಗೇ ಗೊತ್ತು. ಆದರೆ ಮಳೆಗಾಲದಲ್ಲಿ ಚಕ್ರದಿಂದ ಸಿಡಿಯುವ ನೀರೆಲ್ಲ ಸೀದಾ ಅದರ ಮೈಮೇಲೆ. ಅದಕ್ಕೇ ಅಮೀನ್ ಫಿಲ್ಟರಿಗೆ ಒಂದು ಕವರು ಹೊಲಿಸಿ ಹಾಕಿದ್ದ. ಹಳೆಯ ಛತ್ರಿಯ ಕಪ್ಪು ಬಟ್ಟೆ. ಮೇಲೂ ಮುಂದೂ ಮುಚ್ಚಿ, ಗಾಳಿಯಾಡಲು ಕೆಳಗೆ ನಾಲ್ಕು ಬೆರಳಿನಷ್ಟು ಬಾಯಿ ಬಿಟ್ಟಿತ್ತು. ಹೊಲಿಗೆ ಸಣ್ಣದು, ಅಚ್ಚುಕಟ್ಟು. ಬಯ್ಯಲು ಕಾರಣ ಹುಡುಕುತ್ತಿದ್ದ ಹಂಪಯ್ಯನವರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಕವರನ್ನು ಜಾರಿಸಿ ತೆಗೆದು ಒಳಗೆ ಕೈಯಿಟ್ಟರು. ಫಿಲ್ಟರಿನ ಜಾಲರಿ ಕೈಗೆ ತಗುಲಲಿಲ್ಲ. ನುಣುಪಾದ ಏನೋ ತಗುಲಿತು.

ಪ್ಲಾಸ್ಟಿಕ್.

ಬಿಳಿಚಿದ, ತೆಳ್ಳನೆಯ, ದೊಡ್ಡ ಹಾಳೆ. ಅದು ಫಿಲ್ಟರಿನ ಪ್ರತಿ ಮಡಿಕೆಗೂ ಅಂಟಿಕೊಂಡು ಕೂತಿತ್ತು, ಒಳಗಿನಿಂದ ಯಾರೋ ಜೋರಾಗಿ ಹೀರಿಕೊಂಡ ಹಾಗೆ. ಬುಡದಲ್ಲಿ ದಾರದ ಮೂರು ಸುತ್ತು. ಬೆರಳಿನಿಂದ ಅಂಚು ಎಬ್ಬಿಸಿ ನೋಡಿದರು. ಕೆಳಗಿನ ಜಾಲರಿ ಒಣಗಿತ್ತು. ಹಳ್ಳದ ನೀರು ಬಾನೆಟ್ಟಿನವರೆಗೆ ಏರಿದ ಗುರುತು ಇದ್ದರೂ ಒಂದು ಹನಿ ಒಳಗೆ ಹೋಗಿರಲಿಲ್ಲ.

ನೀರು ಹೋಗಿರಲಿಲ್ಲ. ಗಾಳಿಯೂ ಹೋಗಿರಲಿಲ್ಲ.

ಇನ್ನು ಲೆಕ್ಕ ಹಾಕುವುದು ಕಷ್ಟವಿರಲಿಲ್ಲ. ರಸ್ತೆ ಒಣಗಿದ್ದಾಗ ಪ್ಲಾಸ್ಟಿಕ್ಕಿನ ಸಂದಿಗೊಂದಿಯಿಂದ ಎಂಜಿನ್ ಹೇಗೋ ಗಾಳಿ ಎಳೆದುಕೊಂಡಿದೆ. ಮಳೆ ಬಿದ್ದು ಪ್ಲಾಸ್ಟಿಕ್ ಒದ್ದೆಯಾದ ಮೇಲೆ ಸಂದಿಗಳು ಮುಚ್ಚಿವೆ. ಹಳ್ಳದ ನಡುವೆ ಆ ಹುಡುಗ ಗಾಬರಿಯಾಗಿ ಆಕ್ಸಿಲರೇಟರ್ ಒತ್ತಿದ್ದಾನೆ. ಒತ್ತಿದಷ್ಟೂ ಪ್ಲಾಸ್ಟಿಕ್ ಬಿಗಿದಿದೆ. ಕಾರಿಗೆ ಅಲ್ಲೇ ಉಸಿರು ಕಟ್ಟಿದೆ. ಮೂವತ್ತೊಂದು ವರ್ಷದಲ್ಲಿ ಎಷ್ಟೋ ಸಾವಿನ ಗಾಡಿಗಳನ್ನು ನೋಡಿದ್ದರೂ ಹಂಪಯ್ಯ ಇಂಥ ಸಾವನ್ನು ಕಂಡಿರಲಿಲ್ಲ.

ಅವರು ತಲೆ ಎತ್ತಿ ನೋಡಿದರು. ಪಹರೆಯ ಪೇದೆ ಚಹಾಕ್ಕೆ ಹೋಗಿದ್ದ. ಠಾಣೆಯ ಗೇಟಿನ ಬಳಿ ಬಸವಪ್ರಸಾದನ ಕಡೆಯ ನಾಲ್ಕು ಮಂದಿ ಬೆಳಗಿನಿಂದ ಬೀಡುಬಿಟ್ಟಿದ್ದರು. ಇಲ್ಲಿ ಒಂದು ಸ್ಕ್ರೂ ಬಿಚ್ಚಿದರೆ ಮಾನ್ವಿಗೆ ಫೋನು ಹೋಗುತ್ತಿತ್ತು. ಅದೃಷ್ಟಕ್ಕೆ ಎತ್ತಿದ ಬಾನೆಟ್ಟು ಅವರ ಕಣ್ಣಿಗೆ ಅಡ್ಡವಾಗಿತ್ತು.

ಹಂಪಯ್ಯ ಮೊಬೈಲಿನಲ್ಲಿ ಆರು ಫೋಟೊ ತೆಗೆದರು. ಆಮೇಲೆ ದಾರವನ್ನು ಕತ್ತರಿಸದೆ ಸುತ್ತಾಗಿಯೇ ಜಾರಿಸಿ, ಪ್ಲಾಸ್ಟಿಕ್ಕನ್ನು ಮಡಚಿ ತಮ್ಮ ಬುತ್ತಿ ಚೀಲದಲ್ಲಿ, ಜೋಳದ ರೊಟ್ಟಿಯ ಡಬ್ಬಿಯ ಪಕ್ಕ ಇಟ್ಟುಕೊಂಡರು. ಪಂಚರ ಮುಂದೆ ಬರೆಸಿ, ಸೀಲು ಹಾಕಿಸಿ ಕೊಡಬೇಕಾದ ವಸ್ತು ಅದು. ಹಾಗೆ ಮಾಡದ ತಪ್ಪು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಈ ದಾರ ಯಾವುದು ಎಂಬುದೂ ಗೊತ್ತಾಗಿತ್ತು. ಅಕ್ಕಿ ಚೀಲದ ಬಾಯಿ ಹೊಲಿಯುವ ದಾರ, ಅಕ್ಕಿ ಚೀಲದ ಒಳಗೆ ಹಾಕುವ ಪ್ಲಾಸ್ಟಿಕ್ಕು. ಸತ್ತವನ ಅಣ್ಣ ಮಾನ್ವಿಯಲ್ಲಿ ಅಕ್ಕಿ ಮಿಲ್ಲಿನ ಮಾಲೀಕ. ವಿಷಯ ಬಾಯಿಗೆ ಬಿದ್ದರೆ, ತಾವು ಮಾನ್ವಿ ಮುಟ್ಟುವುದರೊಳಗೆ ಅಲ್ಲಿ ಎಲ್ಲ ಬಾಯಿಗಳಿಗೂ ಬೀಗ ಬೀಳುತ್ತದೆ ಎಂದು ಅವರು ಹೆದರಿದರು.

"ಏನಾರ ಸಿಕ್ತೇನ್ರಿ ಸರ್?"

ಪಿಎಸ್‌ಐ ಮೇಘಾ ಹಿಂದೆ ನಿಂತಿದ್ದಳು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ, ಕಡಿಮೆ ಮಾತಿನ, ಸರಿಯಾದ ಹುಡುಗಿ. ಇವಳಿಗಾದರೂ ಹೇಳಿಬಿಡಬೇಕು ಅನಿಸಿತು. ಆದರೆ ಗೇಟಿನ ಬಳಿಯ ನಾಲ್ವರಲ್ಲಿ ಒಬ್ಬ ಎದ್ದು ಇತ್ತಲೇ ನೋಡುತ್ತಿದ್ದ.

"ಇನ್ನೂ ನೋಡಾಕತ್ತೀನ್ರಿ ಮೇಡಂ. ಮಾನ್ವಿಗಿ ಒಮ್ಮೆ ಹೋಗಿ ಬರಬೇಕು."

"ಐದು ಗಂಟಿ ಅಂದ್ರ ಐದೇ ಗಂಟಿ ಸರ್. ನನ್ನ ಕೈಯಾಗ ಏನೂ ಇಲ್ಲ."

"ಗೊತ್ತದ. ಅವ ಏನಂತಾನ?"

"ಯಾರು, ಅಮೀನಾ? ನಿನ್ನಿಂದ ಪಿಟ್ಟೆಂದಿಲ್ಲ. ಊಟಾನೂ ಮಾಡಿಲ್ಲ."

ಹಂಪಯ್ಯ ಅವನನ್ನು ಒಮ್ಮೆ ನೋಡಿಯೇ ಹೊರಟರು. ಲಾಕಪ್ಪಿನ ಗೋಡೆಗೆ ಒರಗಿ ಕೂತಿದ್ದ ಮನುಷ್ಯನಿಗೆ ಮೂವತ್ತರ ಆಸುಪಾಸು. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು ಇತ್ತು.

"ಆ ಛತ್ರಿ ಬಟ್ಟಿ ಕವರು ಯಾರು ಹೊಲದಾರ?"

"ನಮ್ಮ ತಂಗಿ. ಗುಲ್ನಾಜ್."

"ಚಲೋ ಹೊಲದಾಳ. ಗಾಡಿ ಕಡೀಕೆ ನಿನ್ನ ಹತ್ರ ಯಾವಾಗ ಬಂದಿತ್ತು?"

ಅಮೀನ್ ನೆಲ ನೋಡಿದ. ಹಂಪಯ್ಯ ಮತ್ತೆ ಕೇಳಿದರು. ಅವನು ನೆಲವನ್ನೇ ನೋಡುತ್ತಿದ್ದ. ಹೆದರಿದವರು ಹೀಗೆ ಕೂರುವುದನ್ನು ಅವರು ಬೇಕಾದಷ್ಟು ನೋಡಿದ್ದರು, ಹೆಚ್ಚು ಒತ್ತಾಯಿಸಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವನ ತಾಯಿ ಮುನವ್ವರ್ ಬೀ ಕೂತಿದ್ದಳು. ರಾಯಚೂರಿನಿಂದ ಬೆಳಗಿನ ಬಸ್ಸಿಗೆ ಬಂದವಳು. ಮಡಿಲಲ್ಲಿ ಬಟ್ಟೆ ಸುತ್ತಿದ ಊಟದ ಡಬ್ಬಿ, ಮುಚ್ಚಳ ಬಿಚ್ಚದೆ ಹಾಗೇ ಇತ್ತು. ಹಂಪಯ್ಯನವರನ್ನು ಕಂಡು ಗೋಡೆ ಹಿಡಿದು ಎದ್ದಳು.

"ಬ್ರೇಕ್ ಸಾಬ್ ಅಂದ್ರ ನೀವೇ ಅಲ್ರೀ? ನಮ್ಮ ಹುಡುಗ ಮೋಸಾ ಮಾಡಾವ ಅಲ್ರೀ ಸಾಬ್. ಆ ಅಂಬರೀಶಪ್ಪಗ ನನ್ನ ಮುಂದ ಹೇಳ್ಯಾನ. ಇದು ಸಿಡಿಯೋ ನೀರಿಗಿ ಅಷ್ಟೇ ಅಣ್ಣಾ, ಹಳ್ಳಕ್ಕ ಇಳಿಸಬ್ಯಾಡ, ಮುಳುಗಿದ್ರ ಖುದಾನೇ ಗತಿ ಅಂತ. ಖರೇ ಹೇಳ್ತೀನಿ ಸಾಬ್."

"ನೀರು ಒಳಗ ಹೋಗಿಲ್ಲ ತಾಯಿ."

ಹೇಳಬಾರದಿತ್ತು. ಆದರೆ ಬಾಯಿಂದ ಬಂದುಬಿಟ್ಟಿತು. ಆಕೆಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎರಡೂ ಕೈಯಿಂದ ಅವರ ಗ್ರೀಸು ಹತ್ತಿದ ಕೈ ಹಿಡಿದುಕೊಂಡಳು.

"ಹಂಗಾದ್ರ ಬಿಡ್ತಾರಲ್ರೀ?"

"ಸಂಜಿಗಿ ನಿನ್ನ ಮಗನ ನಿನ್ನ ಜೋಡಿ ಕಳಸ್ತೀನಿ. ಇಲ್ಲೇ ಕುಂದ್ರು. ಏನಾರ ತಿನ್ನು."

ಹಂಪಯ್ಯ ಸುಲಭವಾಗಿ ಮಾತು ಕೊಡುವವರಲ್ಲ. ಮಗಳ ಮದುವೆಯ ಮಾತುಕತೆಯಲ್ಲೂ 'ನೋಡೋಣ' ಎಂದೇ ಹೇಳಿ ಹೆಂಡತಿಯಿಂದ ಉಗಿಸಿಕೊಂಡವರು. ಇವತ್ತು ಯಾಕೆ ಹಾಗೆ ಹೇಳಿದರೋ ಅವರಿಗೇ ತಿಳಿಯಲಿಲ್ಲ. ಬಸ್ ನಿಲ್ದಾಣದ ಮುಂದೆ ಜಾಲಹಳ್ಳಿ ಬಸ್ಸು ಅಡ್ಡ ನಿಂತು ಹತ್ತು ನಿಮಿಷ ತಿಂದಿತು. ಅವರು ಜೀಪಿನೊಳಗೆ ಕೂತು ಕಂಡಕ್ಟರನಿಗೂ ಡ್ರೈವರನಿಗೂ ಮನಸ್ಸಿನಲ್ಲೇ ಬಯ್ದರು.

ಮಾನ್ವಿ ಮುಟ್ಟಿದಾಗ ಮೂರು ದಾಟಿತ್ತು. ಹಾದಿಯುದ್ದಕ್ಕೂ ಕಾಲುವೆ ತುಂಬಿ ಹರಿಯುತ್ತಿತ್ತು. ಎರಡೂ ಬದಿ ಭತ್ತ ತಲೆಬಾಗಿ ನೀರಲ್ಲಿ ನಿಂತಿತ್ತು. ಮುಗಿಲು ಇನ್ನೂ ಕಪ್ಪಾಗಿಯೇ ಇತ್ತು.

ಬಸವಪ್ರಸಾದ ಮಿಲ್ಲಿನ ಕಚೇರಿಯಲ್ಲಿ ಒಬ್ಬನೇ ಕೂತಿದ್ದ. ನಲವತ್ತೆರಡರ ಮನುಷ್ಯ, ಐದು ದಿನದಲ್ಲಿ ಐವತ್ತು ದಾಟಿದವನಂತೆ ಕಾಣುತ್ತಿದ್ದ. ಗಡ್ಡ ಬೆಳೆದಿತ್ತು, ಹಣೆಯ ವಿಭೂತಿ ಮಾತ್ರ ಅಚ್ಚುಕಟ್ಟಾಗಿತ್ತು. ತಂದೆ ತೀರಿಕೊಂಡಾಗ ಅಂಬರೀಶನಿಗೆ ಆರು ವರ್ಷ. ಅಲ್ಲಿಂದ ಸಾಕಿದವನು ಇವನೇ ಎಂದು ಊರೆಲ್ಲ ಹೇಳುತ್ತಿತ್ತು.

"ವರದಿ ತಂದೀರೇನ್ರಿ ಸಾಹೇಬ್ರ?"

"ಇನ್ನೂ ಬರದಿಲ್ರಿ. ಒಂದೆರಡು ಮಾತು ಕೇಳೂದಿತ್ತು."

"ಏನು ಕೇಳ್ತೀರಿ? ಆ ಫಿಲ್ಟರ್ ಬ್ಯಾಡೋ ತಮ್ಮಾ ಅಂತ ಬಡಕೊಂಡೆ. ಮಳಿ ನೀರು ಹೋದ್ರ ಎಂಜಿನ್ ಹೋಗ್ತದ ಅಂತ ಅವನೇ ಹೇಳಿದ್ದ, ನಕ್ಕೋತ ಹೇಳಿದ್ದ. ಆ ಮೆಕ್ಯಾನಿಕ್ ಬಟ್ಟಿ ಕವರು ಹಾಕ್ಯಾನಂತ, ಇವ ನಂಬ್ಯಾನಂತ." ಅವನು ಮೇಜಿನ ಮೇಲೆ ಅಂಗೈ ಊರಿದ. "ಅವನ್ನ ಒಳಗ ಹಾಕಸ್ದ ನಾ ನೀರು ಕುಡಿಯಂಗಿಲ್ಲ."

ಹಂಪಯ್ಯ ಹೊರಗೆ ನೋಡಿದರು. ಕಿಟಕಿಯಾಚೆ ಅಂಗಳದಲ್ಲಿ ಭತ್ತ ಒಣಗಿಸುವ ಯಂತ್ರಗಳ ಸಾಲಿತ್ತು. ಪ್ರತಿ ಯಂತ್ರದ ಬುಡದ ಮೋಟಾರಿಗೂ ಬಿಳಿಚಿದ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿದ್ದರು. ಏಳು ಮೋಟಾರು, ಏಳೂ ಒಂದೇ ನಮೂನೆ.

"ಅವನ್ನೆಲ್ಲ ಯಾರು ಕಟ್ಟತಾರ್ರೀ?"

"ಯಾವ್ವು? ಮೋಟರಾ? ನಮ್ಮ ಪರಮಣ್ಣ. ಯಾಕ್ರಿ?"

"ಸ್ವಲ್ಪ ಕರಸ್ರಿ."

ಪರಮಣ್ಣ ಬಂದ. ಅರವತ್ತು ದಾಟಿದ, ಸಣಕಲು ಮೈಯ ಮನುಷ್ಯ. ತಲೆ, ಹುಬ್ಬು, ರೆಪ್ಪೆ ಎಲ್ಲ ತೌಡಿನ ಪುಡಿಯಿಂದ ಬೆಳ್ಳಗಾಗಿದ್ದವು. ಈ ಮಿಲ್ಲಿನ ಮೋಟಾರುಗಳನ್ನು ನೋಡಿಕೊಳ್ಳುವುದೇ ಅವನ ಮೂವತ್ತು ವರ್ಷದ ಕೆಲಸ. ಬಾಗಿಲಲ್ಲೇ ನಿಂತು ಕೈಮುಗಿದ.

"ಮಳಿ ಬಂದ್ರ ಮೋಟರಿಗಿ ಹ್ಯಾಂಗ ಕಟ್ಟತೀಯಪಾ? ನನಗೊಂದು ಕಟ್ಟಿ ತೋರಸು," ಎಂದು ಹಂಪಯ್ಯ ತಮ್ಮ ಸ್ಟೀಲಿನ ನೀರಿನ ಬಾಟಲಿ ಮೇಜಿನ ಮೇಲಿಟ್ಟರು.

ಪರಮಣ್ಣನಿಗೆ ವಿಚಿತ್ರವೆನಿಸಿದರೂ ಸಾಹೇಬರ ಮಾತು. ಮೂಲೆಯಿಂದ ಒಂದು ಪ್ಲಾಸ್ಟಿಕ್ ಒಳಚೀಲ ತಂದ, ಎರಡು ಪದರು ಮಾಡಿ ಬಾಟಲಿಯ ಮೇಲೆ ಎಳೆದ, ದಾರ ಮೂರು ಸುತ್ತು ಸುತ್ತಿ ತುದಿಯನ್ನು ಕೆಳಗಿನಿಂದ ತೂರಿಸಿ ಬಿಗಿದ. ಅರ್ಧ ನಿಮಿಷವೂ ಆಗಲಿಲ್ಲ.

"ಹಿಂಗ್ರಿ. ಈ ತುದಿ ಹಿಡದು ಎಳದ್ರ ಎಲ್ಲಾ ಬಿಚ್ಚತದ. ಎಳೀದಿದ್ರ ಜಗ್ಗಂಗಿಲ್ಲ. ಒಂದ್ ಹನಿ ನೀರು ಒಳಗ ಹೋಗಂಗಿಲ್ರಿ."

ಹಂಪಯ್ಯ ಬುತ್ತಿ ಚೀಲಕ್ಕೆ ಕೈಹಾಕಿ, ಕೆಂಪು ಕಾರಿನಿಂದ ತಂದದ್ದನ್ನು ಬಾಟಲಿಯ ಪಕ್ಕ ಇಟ್ಟರು. ಅದೇ ಒಳಚೀಲ, ಅದೇ ಎರಡು ಪದರು, ಅವೇ ಮೂರು ಸುತ್ತು.

ಪರಮಣ್ಣ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಅವನ ಮುಖದಲ್ಲಿ ಗುರುತು ಹಿಡಿದ ಸಂತೋಷ ಬಂತು. ಅದನ್ನು ನೋಡಲಾರದೆ ಹಂಪಯ್ಯ ಕಿಟಕಿಯ ಕಡೆ ಮುಖ ಮಾಡಿದರು.

"ಇದು ಸಣ್ಣ ಧಣಿ ಗಾಡೀದಲ್ರೀ! ಬುಧವಾರ ನಾ ಕಟ್ಟಿದ್ದು. ಮ್ಯಾಲ ಕರಿ ಬಟ್ಟಿ ಇತ್ತು, ಬುಡಕ ಬಾಯಿ ಬಿಟ್ಟಿತ್ತು. ನೀರು ಅಲ್ಲಿಂದಾನೇ ಹೋಗ್ತದ ಅಂತ ಬಟ್ಟಿ ತಗದು, ಒಳಗ ಇದನ್ನ ಕಟ್ಟಿ, ಮತ್ತ ಬಟ್ಟಿ ಹಾಕೀನ್ರಿ. ಎರಡೂ ಇದ್ರ ಚಲೋ ಅಲ್ರೀ." ಅವನು ಹಂಪಯ್ಯನವರ ಬೆನ್ನಿನ ಕಡೆ ನೋಡುತ್ತ ಕೇಳಿದ, "ಒಳಗ ನೀರು ಹೋಗಿತ್ತೇನ್ರೀ ಸಾಹೇಬ್ರ? ಹೋಗಿರಂಗಿಲ್ಲ ಬಿಡ್ರಿ."

"ಇಲ್ಲಪಾ. ಒಂದು ಹನಿನೂ ಹೋಗಿಲ್ಲ."

"ನಾ ಹೇಳಿಲ್ರೀ?"

"ಪರಮಣ್ಣ," ಹಂಪಯ್ಯ ತಿರುಗಿ ಮೆಲ್ಲಗೆ ಹೇಳಿದರು, "ಇಲ್ಲಿ ಮೋಟರು ಕರೆಂಟಿನ್ಯಾಗ ನಡೀತದ. ಮುಚ್ಚಿದ್ರ ಅದಕ್ಕೇನೂ ಆಗಂಗಿಲ್ಲ. ಕಾರಿನ ಎಂಜಿನ್ ಹಂಗಲ್ಲ. ಅದಕ್ಕ ಉಸಿರು ಬೇಕು. ನೀ ಕಟ್ಟಿದ್ದು ಅದರ ಮೂಗಿಗಿ."

ಮಿಲ್ಲಿನ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಅವರು ಕಾದರು. ಕೇಳಿಸಿತ್ತು. ಪರಮಣ್ಣನ ಕೈಯಿಂದ ಪ್ಲಾಸ್ಟಿಕ್ ಜಾರಿ ಮೇಜಿನ ಮೇಲೆ ಬಿತ್ತು. ಅವನು ಹಿಂದೆ ಸರಿದು ಬಾಗಿಲ ಚೌಕಟ್ಟಿನ ಬಳಿ ಕೂತುಬಿಟ್ಟ.

"ನಾ ಎತ್ತಿ ಆಡಿಸಿದ ಕೂಸ್ರೀ ಅದು," ಎಂದ. ಮತ್ತೆ ಅದನ್ನೇ ಹೇಳಿದ.

"ನಿನಗ ಇದನ್ನ ಕಟ್ಟು ಅಂತ ಹೇಳಿದವರು ಯಾರು?"

ಪರಮಣ್ಣ ತಲೆ ಎತ್ತಲಿಲ್ಲ. ಅವನು ಹೇಳುವ ಅಗತ್ಯವೂ ಬೀಳಲಿಲ್ಲ. ಹಂಪಯ್ಯ ಮೇಜಿನಾಚೆ ನೋಡಿದರು. ಬಸವಪ್ರಸಾದನ ಮುಖದಲ್ಲಿ ಬಣ್ಣ ಉಳಿದಿರಲಿಲ್ಲ.

"ನಾನೇ," ಎಂದ ಅವನು. "ಮೋಡ ಕಟ್ಟಿತ್ತು. ತಮ್ಮನ ಗಾಡಿಗಿ ನೀರು ಹೋಗದಂಗ ಭದ್ರ ಮಾಡಪಾ, ಮೋಟರಿಗಿ ಮಾಡ್ತೀಯಲ್ಲ ಹಂಗ ಅಂತ ನಾನೇ ಹೇಳ್ದೆ. ಅವಗ ಹೇಳಬ್ಯಾಡ, ನಗ್ತಾನ ಅಂದೆ."

ಹೊರಗೆ ಹಮಾಲರು ಚೀಲ ಎಣಿಸುವ ದನಿ ಕೇಳುತ್ತಿತ್ತು.

ಬಸವಪ್ರಸಾದ ಕೇಳಿದ, "ಇದು ಯಾರ್‍ಯಾರಿಗೆ ಗೊತ್ತದ?"

"ಈ ಕೋಣ್ಯಾಗ ಇದ್ದವರಿಗೆ."

"ಅಂದ್ರ ಮೂರು ಮಂದಿ." ಅವನ ಕೈ ಮೇಜಿನ ಮೇಲೆ ಮುಂದೆ ಸರಿಯಿತು. "ಸಾಹೇಬ್ರ, ನಮ್ಮವ್ವ ಐದು ದಿನದಿಂದ ನನ್ನ ಕೈಯಿಂದಷ್ಟೇ ಗಂಜಿ ಕುಡಿತಾಳ. ಬ್ಯಾರೆ ಯಾರು ಕೊಟ್ರೂ ಬಾಯಿ ತೆಗಿಯಂಗಿಲ್ಲ. ಈ ಕೈನೇ ಕೊಂದದ ಅಂತ ಆಕಿಗಿ ಗೊತ್ತಾದ್ರ ನನ್ನ ಕಡಿಂದ ಕುಡಿತಾಳೇನು? ತಮ್ಮನ ಹೆಂಡ್ತಿ ಐಶ್ವರ್ಯಾಗ ನಾ ಏನಂತ ಹೇಳಲಿ? ನಿನ್ನ ಗಂಡನ್ನ ನಾನೇ..." ಅವನ ಬೆರಳು ಪ್ಲಾಸ್ಟಿಕ್ಕಿನ ಅಂಚು ಹಿಡಿದುಕೊಂಡವು.

ಹಂಪಯ್ಯ ಇನ್ನೊಂದು ಅಂಚು ಹಿಡಿದುಕೊಂಡರು.

"ಬಿಡ್ರಿ."

"ಕಾರಿನ್ಯಾಗ ನೀರು ಹೋಗಿತ್ತು ಅಂತ ಬರೀರಿ. ಅಷ್ಟೇ. ಆ ಹುಡುಗ ಜಾಮೀನಿನ ಮ್ಯಾಲ ಹೊರಗ ಬರ್ತಾನ, ನಾನೇ ವಕೀಲರನ್ನ ಇಡ್ತೀನಿ."

"ಅವನೂ ಒಬ್ಬಾಕಿ ಮಗ ಅದಾನ್ರಿ. ಆಕಿ ಠಾಣೆ ಮೆಟ್ಟಿಲ ಮ್ಯಾಲ ಡಬ್ಬಿ ಹಿಡ್ಕೊಂಡು ಕುಂತಾಳ. ನಾ ಮಾತು ಕೊಟ್ಟು ಬಂದೀನಿ."

"ನನ್ನ ತಾಯಿ?"

"ಆಕಿಗೆ ಏನು ಹೇಳಬೇಕು ಅನ್ನೂದು ನಿಮಗ ಬಿಟ್ಟದ್ದು. ಅಮೀನನ ಕೊರಳಿಗಿ ಇದನ್ನ ನಾ ಕಟ್ಟಂಗಿಲ್ಲ. ಬಿಡ್ರಿ ಅಂದೆ."

ತೆಳ್ಳನೆಯ ಪ್ಲಾಸ್ಟಿಕ್ಕು ಇಬ್ಬರ ಕೈಯಲ್ಲಿ ಬಿಗಿಯಿತು. ಇನ್ನೊಂದು ಎಳೆತಕ್ಕೆ ಹರಿಯುತ್ತಿತ್ತು. ಬಾಗಿಲ ಬಳಿ ಕೂತಿದ್ದ ಪರಮಣ್ಣ ಎದ್ದು ಬಂದ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ತನ್ನ ಧಣಿಯ ಮುಂಗೈ ಹಿಡಿದ.

"ಬಿಡ್ರಿ ದೊಡ್ಡ ಧಣಿ. ಕಟ್ಟಿದಾವ ನಾನು. ನಾ ಹೋಗ್ತೀನಿ. ಹೊರಗಿನವನ ಹೆಸರಿಗಿ ಯಾಕ ಹಚ್ಚೂದು?"

ಬಸವಪ್ರಸಾದ ಬಿಟ್ಟ. ಮೇಜಿನ ಮೇಲೆ ತಲೆಯಿಟ್ಟು ಅತ್ತ. ಹಂಪಯ್ಯನವರಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನ್ನ ಪ್ರೀತಿಯ ಕೈಯಿಂದಲೇ ಆದದ್ದನ್ನು ಇನ್ನೊಬ್ಬನ ತಲೆಗೆ ಕಟ್ಟಲು ಹೊರಟವನನ್ನು ನೋಡುತ್ತ ಅವರಿಗೆ ಬರೀ ಸಂಕಟವಾಯಿತು.

ಹೇಳಿಕೆ ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಪರಮಣ್ಣ ಹೆಬ್ಬೆಟ್ಟು ಒತ್ತಿದ. ಬಸವಪ್ರಸಾದ ಓದದೆಯೇ ಸಹಿ ಹಾಕಿದ. ಗೊತ್ತಿಲ್ಲದೆ ಮಾಡಿದ್ದು, ನ್ಯಾಯಾಲಯ ಅದನ್ನು ನೋಡಿಕೊಳ್ಳುತ್ತದೆ ಎಂದು ಹಂಪಯ್ಯ ಇಬ್ಬರಿಗೂ ಹೇಳಿದರು. ಗಡಿಯಾರ ನಾಲ್ಕೂ ಹತ್ತು ತೋರಿಸುತ್ತಿತ್ತು. ಮೇಘಾಗೆ ಫೋನಿನಲ್ಲಿ ತಿಳಿಸಿ, ಈ ಕಾಗದದ ಫೋಟೊ ಕಳಿಸಿದರೆ ಅಮೀನನನ್ನು ಕೋರ್ಟಿಗೆ ಒಯ್ಯುವ ಮಾತೇ ಇರುವುದಿಲ್ಲ.

ಮಿಲ್ಲಿನ ತಗಡಿನ ಗೋಡೆಗಳ ನಡುವೆ ಫೋನಿಗೆ ಸಿಗ್ನಲ್ಲಿರಲಿಲ್ಲ. ಅಂಗಳಕ್ಕೆ ಬಂದರು. ತುಂತುರು ಶುರುವಾಗಿತ್ತು. ಅವರು ನಂಬರು ಒತ್ತುವುದರೊಳಗೆ ಫೋನೇ ರಿಂಗಾಯಿತು.

"ಸರ್, ಒಂದು ತಾಸಿಂದ ಹಚ್ಚಾಕತ್ತೀನಿ, ನಿಮ್ಮ ಫೋನ್ ಹತ್ತವಲ್ದು!" ಮೇಘಾಳ ದನಿ.

"ಕೇಳ್ರಿ ಮೇಡಂ. ಅಮೀನಂದು ತಪ್ಪಿಲ್ಲ. ನನ್ನ ಹತ್ರ ಸಹಿ ಮಾಡಿದ ಕಾಗದ ಅದ. ಅವನ ತಾಯಿಗಿ ಹೇಳ್ರಿ ಮೊದಲು—"

"ಅವ ಬಾಯಿ ಬಿಟ್ಟಾನ್ರಿ ಸರ್."

ಹಂಪಯ್ಯ ಫೋನನ್ನು ಕಿವಿಗೆ ಒತ್ತಿಕೊಂಡರು.

"ನೀವು ಹೋದ ಸ್ವಲ್ಪ ಹೊತ್ತಿಗೇ ಕಾಗದ ಕೇಳಿದ. ಯಾರೂ ಒಂದು ಮಾತು ಅಂದಿಲ್ಲ ಸರ್, ನಾನೇ ಮುಂದ ಕುಂತಿದ್ದೆ. ಓದ್ತೀನಿ ಕೇಳ್ರಿ. 'ಗುರುವಾರ ಮಧ್ಯಾಹ್ನ ಅಂಬರೀಶ ನನ್ನ ಗ್ಯಾರೇಜಿಗೆ ಬಂದಿದ್ದರು. ಗಾಡಿ ಎಳೆಯುತ್ತಿಲ್ಲ ಎಂದರು. ನಾನು ಬಿಚ್ಚಿ ನೋಡಿದೆ. ಫಿಲ್ಟರಿಗೆ ಯಾರೋ ಪ್ಲಾಸ್ಟಿಕ್ ಕಟ್ಟಿದ್ದರು. ಅದನ್ನು ತೆಗೆದೆ. ಅವರು ಯಾವ ಹಾದಿ ಹಿಡಿಯುತ್ತಾರೆಂದು ಕೇಳಿ ತಿಳಿದುಕೊಂಡೆ. ಆಮೇಲೆ ಅದೇ ಪ್ಲಾಸ್ಟಿಕ್ ಮೊದಲು ಇದ್ದ ಹಾಗೆಯೇ ಮತ್ತೆ ಕಟ್ಟಿದೆ. ಏನಾಗುತ್ತದೆ ಎಂದು ಗೊತ್ತಿದ್ದೇ ಕಟ್ಟಿದೆ.' ಅಷ್ಟೇ ಬರದಾನ. ಯಾಕಪಾ ಅಂತ ಕೇಳಿದ್ರ ಗ್ವಾಡಿ ಕಡಿ ಮುಖ ಮಾಡ್ತಾನ."

ತುಂತುರು ಜೋರಾಯಿತು. ಹಂಪಯ್ಯನವರ ಕನ್ನಡಕದ ಮೇಲೆ ಹನಿಗಳು ಬಿದ್ದವು, ಅವರಿಗೆ ಒರೆಸಿಕೊಳ್ಳುವ ಎಚ್ಚರವಿರಲಿಲ್ಲ. ಪ್ಲಾಸ್ಟಿಕ್ಕಿನ ಮಾತನ್ನು ಅವರು ಠಾಣೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಲಾಕಪ್ಪಿನಲ್ಲಿದ್ದವನಿಗೆ ಅದು ಗೊತ್ತಿರಬೇಕಾದರೆ ಅವನು ಅದನ್ನು ಗುರುವಾರವೇ ಕಣ್ಣಾರೆ ನೋಡಿರಬೇಕು.

ನಿರ್ಲಕ್ಷ್ಯದ ಕೇಸು ಇಲ್ಲಿಗೆ ಮುಗಿಯಿತು. ಇದು ಕೊಲೆಯ ಕೇಸು. ಅಮೀನನ ಆ ಹೇಳಿಕೆಗೆ ಈ ಲೋಕದಲ್ಲಿ ಒಂದೇ ಒಂದು ವಸ್ತು ಸಾಕ್ಷಿಯಿತ್ತು, ಅದು ಅವನನ್ನು ಉಳಿಸಲೆಂದು ಅವರೇ ಬಚ್ಚಿಟ್ಟುಕೊಂಡು ತಂದ ಹಾಳೆ. ಒಪ್ಪಿಸಿದರೆ ಅವನ ಕೊರಳಿಗೆ ಉರುಳು. ಒಪ್ಪಿಸದಿದ್ದರೆ ಒಬ್ಬ ಮುದುಕನೂ ಒಬ್ಬ ಅಣ್ಣನೂ ತಾವು ಮಾಡದ ಕೊಲೆಯನ್ನು ಸಾಯುವವರೆಗೆ ಹೊತ್ತು ತಿರುಗುತ್ತಾರೆ.

ಫೋನಿನ ಹಿಂದಿನಿಂದ ಒಬ್ಬ ಹೆಂಗಸಿನ ದನಿ ಕೇಳಿಸಿತು. ಬ್ರೇಕ್ ಸಾಬ್ ಏನಂದ್ರು, ಬಿಡ್ತಾರಂತಲ್ರೀ ಎಂದು ಆಕೆ ಯಾರನ್ನೋ ಕೇಳುತ್ತಿದ್ದಳು.

"ಸರ್, ಇದ್ದೀರೇನು?" ಮೇಘಾ ದನಿ ತಗ್ಗಿಸಿದಳು. "ನನಗೊಂದು ತಿಳಿವಲ್ದು. ಪಂಚನಾಮಿಯಾಗ ಪ್ಲಾಸ್ಟಿಕ್ ಅಂತ ಒಂದಕ್ಷರ ಇಲ್ಲ. ಈಗ ನಾನೇ ಬಾನೆಟ್ ತಗದು ನೋಡಿ ಬಂದೆ, ಅಲ್ಲಿ ಏನೂ ಇಲ್ಲ. ಬೆಳಿಗ್ಗೆಯಿಂದ ಆ ಗಾಡಿ ಮುಟ್ಟಿದವರು ನೀವೊಬ್ರೇ. ಸರ್, ಪ್ಲಾಸ್ಟಿಕ್ ಎಲ್ಲೈತಿ?"